ಸತ್ತಿದೆಯೋ, ಸುಮ್ಮನಿದೆಯೋ?

ಜಗತ್ತಿನಾದ್ಯಂತ ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್. 2012ರ ಡಿಸೆಂಬರ್ 22ರಂದು ಅದರ ನೆಟ್‌ವರ್ಕ್ ಸುಮಾರು 90 ಸೆಕೆಂಡು ಸ್ತಬ್ಧವಾಯಿತು. ನೆಟ್‌ವರ್ಕ್ ಮರಳಿದ ಮೇಲೆ ನೋಡಿದರೆ ಫೈಲ್ ಸರ್ವರ್‌ಗಳ ಹಲವು ಜೋಡಿಗಳಲ್ಲಿ ಎರಡಕ್ಕೆರಡೂ ನಿಂತುಹೋಗಿದ್ದವು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇಟ್ಟಿದ್ದ ಜೋಡಿಗಳೇ ಒಂದನ್ನೊಂದು ಆಫ್ ಮಾಡಿಬಿಟ್ಟಿದ್ದವು! ಒಂದೂವರೆ ನಿಮಿಷದ ತೊಡಕನ್ನು ಬಿಡಿಸಲು ಗಂಟೆಗಟ್ಟಲೆ ಹಿಡಿಯಿತು.

ಜೋಡಿ ಸರ್ವರ್ ಹೇಗೆ ನೆರವಾಗುತ್ತದೆ ಎಂದು ತಿಳಿಯಲು ಒಂದು ಹಳೆಯ ಉದಾಹರಣೆ ನೋಡಿ. ಒಂದು ಯಂತ್ರದಲ್ಲಿರುವ ಫೈಲನ್ನು ಇನ್ನೊಂದು ಯಂತ್ರ ತನ್ನದೇ ಡಿಸ್ಕಿನಲ್ಲಿದೆ ಎಂಬಂತೆ ತೆರೆಯಲು ಬಿಡುವ ಎನ್‌ಎಫ್‌ಎಸ್ ವ್ಯವಸ್ಥೆಯನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಅದರ ಹಳೆಯ ಆವೃತ್ತಿಗಳಲ್ಲಿ ಒಂದು ಜಾಣತನವಿತ್ತು. ಯಾರು ಯಾವ ಫೈಲನ್ನು ತೆರೆದಿದ್ದಾರೆ ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಬೇಕಾದ ವಿವರವೆಲ್ಲ ಪ್ರತಿ ಕೋರಿಕೆಯಲ್ಲೇ ಇರುತ್ತಿತ್ತು. ಉತ್ತರ ಬಾರದಿದ್ದರೆ ಬಳಕೆದಾರರ ಕಂಪ್ಯೂಟರ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಅಷ್ಟರಲ್ಲಿ ಅದೇ ವಿಳಾಸ, ಅದೇ ಡೇಟಾ ಹೊತ್ತ ಬೇರೊಂದು ಸರ್ವರ್ ಎದ್ದು ನಿಂತರೆ ಪರದೆಯ ಮುಂದೆ ಕೂತವರಿಗೆ ಸ್ವಲ್ಪ ಹೊತ್ತು 'ಹ್ಯಾಂಗ್' ಆದಂತೆ ಅನಿಸೀತು, ಅಷ್ಟೇ. ಹೀಗೆ ಕೆಲಸ ಕೈಬದಲಾಗುವುದೇ ಫೇಲ್‌ಓವರ್.

ಕೈಬದಲಾಗಬೇಕಾದ ಹೊತ್ತು ಯಾವುದೆಂದು ತೀರ್ಮಾನಿಸುವುದೇ ಕಷ್ಟ. ಜೋಡಿಯ ಸರ್ವರ್‌ಗಳು 'ನಾನಿದ್ದೇನೆ' ಎಂಬ ಪುಟ್ಟ ಸಂದೇಶವನ್ನು ಒಂದಕ್ಕೊಂದು ಕಳಿಸುತ್ತಲೇ ಇರುತ್ತವೆ. ಇದಕ್ಕೆ ಹಾರ್ಟ್‌ಬೀಟ್ ಎಂದು ಹೆಸರು. ಆ ಬಡಿತ ನಿಂತಿತೆನ್ನಿ. ಆಚೆಯದು ಸತ್ತಿದೆಯೋ ಅಥವಾ ನಡುವಿನ ಕೇಬಲ್ ಕಿತ್ತು ಸುಮ್ಮನಾಗಿದೆಯೋ? ಈಚೆಯ ಸರ್ವರ್‌ಗೆ ಎರಡೂ ಒಂದೇ ತರಹ ಕಾಣುತ್ತವೆ. ಬದುಕಿರುವುದನ್ನು ಸತ್ತಿದೆ ಎಂದು ತಿಳಿದು ಇದು ಅಧಿಕಾರ ವಹಿಸಿಕೊಂಡರೆ, ಒಂದೇ ಖಾತೆಯ ಲೆಕ್ಕವನ್ನು ಇಬ್ಬರು ಗುಮಾಸ್ತರು ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದಂತಾಗುತ್ತದೆ. ಆಮೇಲೆ ಯಾವುದು ಸರಿ ಎಂದು ಯಾರೂ ಹೇಳಲಾರರು. ಸಿಸ್ಟಮ್ ಅಡ್ಮಿನ್‌ಗಳು ಡಿಸ್ಕ್ ಕೆಡುವುದಕ್ಕಿಂತ ಹೆಚ್ಚಾಗಿ ಹೆದರುವುದು ಈ 'ಸ್ಪ್ಲಿಟ್ ಬ್ರೇನ್'ಗೆ.

ಇದಕ್ಕೊಂದು ಒರಟು ಮದ್ದಿದೆ: ಅಧಿಕಾರ ವಹಿಸಿಕೊಳ್ಳುವ ಮೊದಲು ಆಚೆಯ ಯಂತ್ರದ ಪವರ್ ಕಡಿದುಬಿಡುವುದು. ಗಿಟ್‌ಹಬ್‌ನಲ್ಲಿ ಇದ್ದದ್ದು ಇದೇ. ನೆಟ್‌ವರ್ಕ್ ಸ್ತಬ್ಧವಾದಾಗ ಜೋಡಿಯ ಎರಡೂ ಕಡೆಯವು 'ಆಚೆಯದನ್ನು ಆಫ್ ಮಾಡು' ಎಂದು ಆಜ್ಞೆ ಹೊರಡಿಸಿದವು. ಕೆಲವು ಆಜ್ಞೆಗಳು ತಲುಪಲೇ ಇಲ್ಲ. ಸಂಪರ್ಕ ಮರಳಿದಾಗ ಎರಡೂ ತಾನೇ ಯಜಮಾನ ಎಂದು ನಂಬಿದ್ದವು. ಪೈಪೋಟಿಯಲ್ಲಿ ಎರಡೂ ಉರುಳಿದವು.

ಇನ್ನೊಂದು ಮದ್ದು ಬಹುಮತ. ಮೂರು ಮತಗಳಿದ್ದು, ಎರಡು ಸಿಕ್ಕವರಷ್ಟೇ ಬರೆಯಬಹುದು ಎಂದರೆ ಜಗಳ ಮುಗಿಯಿತು. ಒಂಟಿಯಾದದ್ದು ತಾನಾಗಿ ಸುಮ್ಮನಾಗುತ್ತದೆ. ಆದರೆ ಡೇಟಾದ ಮೂರನೆಯ ಪೂರ್ಣ ಪ್ರತಿ ಇಡುವುದು ದುಬಾರಿ. ಬೆಂಗಳೂರಿನ ಎಂಜಿನಿಯರ್‌ಗಳ ದೊಡ್ಡ ಪಾಲಿರುವ ಗ್ಲಸ್ಟರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇದಕ್ಕೆ 'ಆರ್ಬಿಟರ್' ಎಂಬ ಉಪಾಯ ಕೊಟ್ಟಿದೆ. ಮೂರನೆಯ ಸರ್ವರ್ ಫೈಲಿನ ಹೆಸರು, ಗುಣಲಕ್ಷಣಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಒಳಗಿನ ಡೇಟಾ ಅದರಲ್ಲಿರುವುದಿಲ್ಲ. ಮತ ಹಾಕಲು ಅಷ್ಟು ಸಾಕು.

ಕೆಡುವ ಮೊದಲೇ ಗೊತ್ತಾದರೆ ಇಷ್ಟೆಲ್ಲ ಏಕೆ ಎನ್ನಬಹುದು. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ದಾಖಲಿಸುತ್ತವೆ ನಿಜ. ಆದರೆ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಮಾತು ಹೇಳಿತು. ಮೇಲ್ಮೈ ತಪಾಸಣೆಯಲ್ಲಿ (ಸ್ಕ್ಯಾನ್) ಮೊದಲ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ, ಅಂಥ ದೋಷವಿಲ್ಲದವಕ್ಕಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟವುಗಳಲ್ಲಿ ಅರ್ಧಕ್ಕೂ ಹೆಚ್ಚು ಡಿಸ್ಕುಗಳಲ್ಲಿ ಮುಖ್ಯ ಸೂಚಕಗಳು ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಇನ್ನು ಕೆಲವು ತೊಂದರೆಗಳು ಡಿಸ್ಕಿನ ಹೊರಗಿನವು. 2008ರಲ್ಲಿ ಸನ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಎದುರು ನಿಂತು ಗಟ್ಟಿಯಾಗಿ ಕಿರುಚಿದರು. ಆ ಕಂಪನಕ್ಕೇ ಡಿಸ್ಕುಗಳು ತಡವರಿಸಿ, ಕಾಯುವ ಸಮಯ ತೋರಿಸುವ ಗ್ರಾಫ್ ಚಂಗನೆ ಮೇಲೇರಿತು.

ಹೀಗಾಗಿ ಕೆಟ್ಟ ಮೇಲೆ ಏನಾಯಿತೆಂದು ತಿಳಿಯಲು ಆಡಿಟ್ ಲಾಗ್ ಬೇಕು: ಯಾರು, ಎಲ್ಲಿಂದ, ಯಾವ ಫೈಲನ್ನು ತೆರೆದರು, ಅಳಿಸಿದರು. ಅದನ್ನು ಬೇರೊಂದು ಯಂತ್ರಕ್ಕೆ ಕಳಿಸಬೇಕು. ಏಕೆಂದರೆ ಸರ್ವರ್‌ಗೆ ನುಗ್ಗಿದವರು ಹೆಚ್ಚಾಗಿ ಮೊದಲು ಅಳಿಸುವುದೇ ಲಾಗನ್ನು. ಎಲ್ಲ ಸರ್ವರ್‌ಗಳ ಗಡಿಯಾರವೂ ಒಂದೇ ಸಮಯ ತೋರಿಸಬೇಕು, ಇಲ್ಲದಿದ್ದರೆ ಮೊದಲು ಯಾವುದಾಯಿತು ಎಂಬುದೇ ತಿಳಿಯದು. ಸೈಬರ್ ಸುರಕ್ಷತೆ ನೋಡಿಕೊಳ್ಳುವ ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವೂ 180 ದಿನಗಳ ಲಾಗ್ ಮತ್ತು ಗಡಿಯಾರಗಳ ಹೊಂದಾಣಿಕೆಯನ್ನು ಕಡ್ಡಾಯ ಮಾಡಿದೆ.

ಇಷ್ಟಾದರೂ ಕಾಗದದ ಮೇಲಿನ ಫೇಲ್‌ಓವರನ್ನು ನಂಬುವಂತಿಲ್ಲ. ಬರೀ ಸರ್ವರ್ ಆಫ್ ಮಾಡಿ ಪರೀಕ್ಷೆ ಮುಗಿಯಿತೆಂದರೆ ಸಾವನ್ನಷ್ಟೇ ಪರೀಕ್ಷಿಸಿದಂತೆ. ಎರಡೂ ಯಂತ್ರಗಳನ್ನು ಚಾಲೂ ಇಟ್ಟು, ನಡುವಿನ ಕೇಬಲನ್ನಷ್ಟೇ ಕಿತ್ತು ನೋಡಬೇಕು. ನಡುರಾತ್ರಿ ಫೋನ್ ಬರುವುದು ಹೆಚ್ಚಾಗಿ ಆ ಪರೀಕ್ಷೆ ಮಾಡದವರಿಗೇ.