ಎರಡು ಕೊಳವೆಗಳಿಗೂ ಎಟುಕದ ಕರುಳು

ರಾಜಘಟ್ಟ ಗ್ರಾಮದವರು ಸುಸ್ತು, ಹೊಟ್ಟೆನುಲಿತ ಎಂದು ಮೊದಲು ಹೋಗುವುದು ಹತ್ತಿರದ ದೊಡ್ಡಬಳ್ಳಾಪುರಕ್ಕೆ. ರಕ್ತ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಬರೆದುಕೊಡುತ್ತಾರೆ. ಹೆಚ್ಚಿನವರಿಗೆ ಅಷ್ಟೇ ಸಾಕು. ಅಪರೂಪಕ್ಕೆ ಒಬ್ಬರಿಗೆ ಎಷ್ಟು ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ. ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದು ನೋಡಲು ಬಾಯಿಂದ ಇಳಿಸಿದ ಎಂಡೋಸ್ಕೋಪಿಯಲ್ಲೂ, ಕೆಳಗಿನಿಂದ ಹಾಕಿದ ಕೊಲೊನೋಸ್ಕೋಪಿಯಲ್ಲೂ ಏನೂ ಕಾಣುವುದಿಲ್ಲ. ಆ ಎರಡು ಕೊಳವೆಗಳೂ ಬಹುಪಾಲು ಮುಟ್ಟದ ಭಾಗವೇ ಸಣ್ಣ ಕರುಳು. ಸುಮಾರು 6 ಮೀಟರ್ ಉದ್ದದ ಈ ನಾಳ ಸುರುಳಿ ಸುತ್ತಿ ಹೊಟ್ಟೆಯಲ್ಲಿ ಕುಳಿತಿದೆ. ಇಷ್ಟು ಉದ್ದವಿದ್ದರೂ ಇಲ್ಲಿ ಕ್ಯಾನ್ಸರ್ ಬರುವುದು ತೀರ ವಿರಳ. ಬಂದರೆ ಹುಡುಕುವುದೇ ಕಷ್ಟ.

ಮೊದಲು ಸಿ.ಟಿ. ಸ್ಕ್ಯಾನ್. ಕರುಳು ಎಲ್ಲೂ ಕಟ್ಟಿಕೊಂಡಿಲ್ಲ ಎಂದು ಖಚಿತವಾದ ಮೇಲೆ ಕ್ಯಾಪ್ಸೂಲ್ ಎಂಡೋಸ್ಕೋಪಿ. ಕಟ್ಟಿಕೊಂಡಿದ್ದರೆ ಕ್ಯಾಪ್ಸೂಲ್ ಅಲ್ಲೇ ಸಿಕ್ಕಿಬೀಳಬಹುದು. 2001ರಿಂದ ಬಳಕೆಗೆ ಬಂದ ಇದು ಸುಮಾರು 26 ಮಿಲಿಮೀಟರ್ ಉದ್ದದ ಗುಳಿಗೆ. ಒಳಗೆ ಕ್ಯಾಮೆರಾ, ದೀಪ, ಬ್ಯಾಟರಿ. ನೀರಿನೊಂದಿಗೆ ನುಂಗಿದರೆ ಸುಮಾರು 8 ಗಂಟೆ ಕರುಳಿನ ಜೊತೆಗೇ ಸರಿಯುತ್ತ, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಹತ್ತಾರು ಸಾವಿರ ಚಿತ್ರ ಕಳಿಸುತ್ತದೆ. ವೈದ್ಯರು ಅಷ್ಟನ್ನೂ ಕಣ್ಣು ಕೀಲಿಸಿ ನೋಡಬೇಕು. ಗಡ್ಡೆ ಒಂದೆರಡು ಚಿತ್ರಗಳಲ್ಲಿ ಮಾತ್ರ ಮಿಂಚಿ ಮಾಯವಾಗಿರಬಹುದು.

ಕಂಡರೆ ಸಾಲದು, ಚೂರು ತೆಗೆಯಬೇಕು. ಕ್ಯಾಪ್ಸೂಲ್‌ಗೆ ಕೈಯಿಲ್ಲ. ಆಗ ಬರುವುದು ಜಪಾನಿನ ಹಿರೊನೋರಿ ಯಮಾಮೊಟೊ ರೂಪಿಸಿದ ಎರಡು ಬಲೂನಿನ ಎಂಟೆರೊಸ್ಕೋಪಿ. ಲಂಗದ ಸೊಂಟಪಟ್ಟಿಗೆ ಲಾಡಿ ಪೋಣಿಸುವಾಗ ಬಟ್ಟೆ ಪಿನ್ನಿನ ಮೇಲೆ ನೆರಿಗೆಯಾಗಿ ಕೂಡುತ್ತದಲ್ಲ, ಇಲ್ಲಿಯೂ ಹಾಗೆಯೇ. ಒಂದು ಬಲೂನು ಉಬ್ಬಿ ಕರುಳನ್ನು ಹಿಡಿಯುತ್ತದೆ, ಕೊಳವೆ ಮುಂದೆ ಸರಿಯುತ್ತದೆ. ಇನ್ನೊಂದು ಹಿಡಿಯುತ್ತದೆ, ಎರಡನ್ನೂ ಮೆಲ್ಲನೆ ಹಿಂದಕ್ಕೆ ಎಳೆಯುತ್ತಾರೆ. ಕರುಳೇ ನೆರಿಗೆ ನೆರಿಗೆಯಾಗಿ ಕೊಳವೆಯ ಮೇಲೆ ಏರುತ್ತದೆ. ಅವಸರ ಮಾಡಿದರೆ ಕರುಳು ಹರಿಯಬಹುದು. ಗಡ್ಡೆಯಿಂದ ಚೂರು ಕಿತ್ತು, ಪಕ್ಕದಲ್ಲಿ ಕಪ್ಪು ಶಾಯಿಯ ಚುಕ್ಕೆಯಿಟ್ಟು ಬರುತ್ತಾರೆ. ಮುಂದೆ ಹೊಟ್ಟೆ ತೆರೆಯುವ ಸರ್ಜನ್‌ಗೆ ಅದೇ ಗುರುತು.

ಆ ಚೂರನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಾಜಘಟ್ಟದಲ್ಲಿ ಬೌದ್ಧ ಚೈತ್ಯ, ವಿಹಾರಗಳನ್ನು ಅಗೆದು ತೆಗೆದವರು ಅಂಗೈಯಗಲದ ಮಣ್ಣಿನ ಸ್ತೂಪವನ್ನೂ ಬಿಡದೆ ಪರೀಕ್ಷಿಸಿದರು. ಪೆಥಾಲಜಿಸ್ಟರ ಕೆಲಸವೂ ಅಂಥದೇ ತಾಳ್ಮೆಯದು. ಅವರ ತೀರ್ಪಿನ ಮೇಲೆ ಮುಂದಿನ ಹಾದಿ ಬೇರೆಯಾಗುತ್ತದೆ. ಲಿಂಫೋಮಾ ಆದರೆ ಮುಖ್ಯವಾಗಿ ಕೀಮೋಥೆರಪಿ. ‘ಜಿಸ್ಟ್’ ಎಂಬ ಗಡ್ಡೆಗೆ ಶಸ್ತ್ರಚಿಕಿತ್ಸೆ, ಹಲವರಿಗೆ ಇಮ್ಯಾಟಿನಿಬ್ ಮಾತ್ರೆ. ನ್ಯೂರೋಎಂಡೋಕ್ರೈನ್ ಗಡ್ಡೆ ಹರಡಿದ್ದರೆ ಹಾರ್ಮೋನು ತಡೆಯುವ ಚುಚ್ಚುಮದ್ದು. ಅಡಿನೊಕಾರ್ಸಿನೋಮಾ ಆದರೆ ಕತ್ತರಿಸಿ ತೆಗೆಯುವುದೇ ಮೊದಲು.

ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ ಇಡೀ ಕರುಳನ್ನು ಬೆರಳುಗಳ ನಡುವೆ ಗೇಣು ಗೇಣಾಗಿ ಜಾರಿಸುತ್ತ ಹೋಗುತ್ತಾರೆ. ಎರಡನೆಯ ಗಡ್ಡೆ ಇರಬಹುದು. ರೋಗದ ಭಾಗವನ್ನು ಅದಕ್ಕೆ ರಕ್ತ ಕೊಡುವ ಬೀಸಣಿಗೆಯಾಕಾರದ ಪದರ, ದುಗ್ಧಗ್ರಂಥಿಗಳ ಸಮೇತ ತೆಗೆದು, ಎರಡು ತುದಿಗಳನ್ನು ಹೊಲಿದು ಕೂಡಿಸುತ್ತಾರೆ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದಲೂ ಕ್ಯಾನ್ಸರ್ ರೋಗಿಗಳಿಗೆಂದೇ ಇರುವ ಕಿದ್ವಾಯಿ ಆಸ್ಪತ್ರೆ ರಾಜಘಟ್ಟಕ್ಕೆ ತೀರ ದೂರವಲ್ಲ. ಮಾತ್ರೆ ತಿಂದರೂ ರಕ್ತ ಏರದಿದ್ದರೆ, ಎರಡೂ ಕೊಳವೆಗಳಲ್ಲಿ ಏನೂ ಕಾಣದಿದ್ದರೆ, ಸಣ್ಣ ಕರುಳನ್ನು ನೋಡಿದ್ದೀರಾ ಎಂದು ವೈದ್ಯರನ್ನು ಕೇಳಿ.