ಸಾಸಿವೆ ಕಾಳಿನ ಅಳತೆ

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ಸಮುದ್ರಕ್ಕೆ ಒಡ್ಡು ಹಾಕಲು ಹೊರಟು ಅರ್ಧಕ್ಕೇ ಬಿಟ್ಟಂತೆ, ದಂಡೆಯ ಉದ್ದಕ್ಕೆ ಸಾಲಾಗಿ ನಿಂತ ಪುಟ್ಟ ದ್ವೀಪಗಳು. ನಾವು ಇಳಿದ ತೆಂಗಿನ ದ್ವೀಪ ಉದ್ದದಲ್ಲಿ ಸುಮಾರು 500 ಮೀಟರ್, ಅಗಲದಲ್ಲಿ 100 ಮೀಟರ್. ನಮ್ಮ ಮೈಲಾರದ ಜಾತ್ರೆಯ ಜನ ಇಲ್ಲಿಗೆ ಬಂದರೆ ಕಾಲಿಡಲೂ ಜಾಗ ಸಾಲದು.

ದಂಡೆಯ ತುಂಬ ಚಿಪ್ಪು. ಅದರಾಚೆ ಒತ್ತೊತ್ತಾಗಿ ಎದ್ದು ನಿಂತ ಕಲ್ಲಿನ ಕಂಬಗಳು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು, ಹೆಚ್ಚಿನವಕ್ಕೆ ಆರು. ಅವ್ವ ಒಂದು ಕಂಬದ ಅಂಚಿನ ಮೇಲೆ ಬೆರಳಾಡಿಸಿ, “ಇವನ್ನ ಯಾರು ಕಡದು ನಿಲ್ಸ್ಯಾರ್ರಿ?” ಎಂದು ಗೈಡನ್ನು ಕೇಳಿದಳು.

“ಯಾರೂ ಕೆತ್ತಿದ್ದಲ್ಲ ಅಮ್ಮ. ಲಾವಾ ತಣಿಯುವಾಗ ತಾನೇ ಬಿರಿದದ್ದು.”

ಅವ್ವನಿಗೆ ತಟ್ಟನೆ ಹೊಳೆಯಿತು. “ಬ್ಯಾಸಗ್ಯಾಗ ನಮ್ಮ ಎರಿ ಹೊಲ ಬಿರೀತೈತಲ್ಲ, ಹಂಗs!”

ಹೌದು, ಹಾಗೆಯೇ. ಎರೆಮಣ್ಣು ಒಣಗಿ ಕುಗ್ಗುತ್ತದೆ, ಲಾವಾ ತಣಿದು ಕುಗ್ಗುತ್ತದೆ. ಕುಗ್ಗಿದ್ದು ಬಿರಿಯಲೇಬೇಕು. ಮೂರು ಬಿರುಕುಗಳು ಒಂದೇ ಬಿಂದುವಿನಲ್ಲಿ ಸಮನಾಗಿ ಕೂಡಿದರೆ ನಡುವಿನ ತುಂಡು ಆರು ಮೂಲೆಯದಾಗುತ್ತದೆ. ಹೊಲದ ಬಿರುಕು ಮೊದಲ ಮಳೆಗೆ ಮುಚ್ಚಿಹೋಗುತ್ತದೆ. ಇಲ್ಲಿನ ಬಿರುಕು ಉಳಿದು ಸುಮಾರು 8.8 ಕೋಟಿ ವರ್ಷವಾಯಿತು.

ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಎರಡೂ ಹರಿದು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಇವತ್ತು ಮಡಗಾಸ್ಕರ್ ಇಲ್ಲಿಂದ ಸುಮಾರು 4,000 ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರವನ್ನು ಅಷ್ಟು ವರ್ಷಕ್ಕೆ ಭಾಗಿಸಿ ನೋಡಿದೆ: ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್! ನಮ್ಮ ಬೆರಳಿನ ಉಗುರು ಬೆಳೆಯುವುದೂ ಹೆಚ್ಚುಕಡಿಮೆ ಇಷ್ಟೇ ನಿಧಾನಕ್ಕೆ. ಆ ವೇಗದಲ್ಲಿ ಸರಿದು ಸರಿದೇ ಒಂದು ಮಹಾಸಾಗರ ಬಾಯಿ ತೆರೆಯಿತು.

8.8 ಕೋಟಿ ಎಂದರೆ ಬಾಯಲ್ಲಿ ಹೇಳಿಬಿಡಬಹುದು, ಮನಸ್ಸಿಗೆ ಹಿಡಿಯುವುದಿಲ್ಲ. ಅದಕ್ಕೆ ನನ್ನದೇ ಒಂದು ಅಳತೆ ಮಾಡಿಕೊಂಡೆ. ಒಂದು ಭರತ ಹುಣ್ಣಿಮೆಯಿಂದ ಇನ್ನೊಂದಕ್ಕೆ, ಅಂದರೆ ಮೈಲಾರದ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ನುಡಿಯುವ ಒಂದು ಕಾರಣಿಕದಿಂದ ಇನ್ನೊಂದು ಕಾರಣಿಕಕ್ಕೆ, ಒಂದು ಮಿಲಿಮೀಟರ್. ಸಣ್ಣ ಸಾಸಿವೆ ಕಾಳಿನಷ್ಟು. ಮೈಲಾರದ ಗುಡಿಯ ಮುಂದೆ ನಿಂತು ಹಿಂದಿನ ಕಾಲಕ್ಕೆ ಕಾಳು ಇಡುತ್ತ ಹೊರಡೋಣ. 1498ರಲ್ಲಿ ವಾಸ್ಕೋ ಡ ಗಾಮಾ ಈ ದ್ವೀಪಕ್ಕೆ ಬಂದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿ ಇದೆಯಲ್ಲ, ಅದು ಒಂದು ಮೊಳದಾಚೆಗೇ ಸಿಕ್ಕಿಬಿಡುತ್ತದೆ. ಮನುಷ್ಯಕುಲದ 3 ಲಕ್ಷ ವರ್ಷವೆಲ್ಲ 300 ಮೀಟರಿಗೇ ಮುಗಿಯಿತು. ಹಡಗಲಿ ದಾಟಿ 50ನೇ ಕಿಲೋಮೀಟರಿನ ಆಸುಪಾಸಿನಲ್ಲಿ ಭಾರತ ಏಷ್ಯಾಕ್ಕೆ ಬಡಿದು ಹಿಮಾಲಯ ಏಳತೊಡಗುತ್ತದೆ. 66ರಲ್ಲಿ ಡೈನೋಸಾರುಗಳು ಅಳಿಯುತ್ತವೆ. ಹಗರಿಬೊಮ್ಮನಹಳ್ಳಿಯನ್ನೂ ಹಿಂದೆ ಬಿಟ್ಟು ಹೊಸಪೇಟೆಯ ದಿಕ್ಕಿಗೆ ನಡೆದರೆ 88ನೇ ಕಿಲೋಮೀಟರಿನಲ್ಲಿ ಈ ಕಂಬಗಳು ಇನ್ನೂ ಕೆಂಪಗೆ ಕುದಿಯುತ್ತಿವೆ.

ಕಡೆಯ ದೋಣಿ ಹೊರಟಿತು. ಅವ್ವ ಸೆರಗಿನ ತುದಿಯಲ್ಲಿ ಎರಡು ಚಿಪ್ಪು ಕಟ್ಟಿಕೊಂಡು ಕೂತಿದ್ದಳು. “ಮತ್ತ ನಮ್ಮ ಕಡೆ ಕಲ್ಲು ಎಷ್ಟು ವರ್ಷದ್ದು?” ಎಂದಳು.

ಗುಡೇಕೋಟೆಯಲ್ಲಿ ಕರಡಿ ಮಲಗುವ ಬಂಡೆಗಳು, ಹಂಪಿಯ ಗುಂಡುಗಳು, ದಿನಾ ನೋಡಿ ನೋಡಿ ನಾವು ಲೆಕ್ಕಕ್ಕೇ ಇಡದ ಕಣಶಿಲೆ. ಸುಮಾರು 250 ಕೋಟಿ ವರ್ಷ ಎಂದೆ. ಅದೇ ಸಾಸಿವೆ ಕಾಳನ್ನು ಮೈಲಾರದಿಂದ ಬಡಗಣಕ್ಕೆ ನೆಟ್ಟಗೆ ಇಡುತ್ತ ಹೋದರೆ 2,500 ಕಿಲೋಮೀಟರ್. ದೆಹಲಿ ಹಿಂದಾಗಿ, ಶ್ರೀನಗರವೂ ಹಿಂದಾಗಿ, ಇನ್ನೂ ಕಾಳು ಮಿಕ್ಕಿರುತ್ತದೆ.