ಎತ್ತರಿಸಿದ ಜಿಪ್ಸಿಗೆ ಅಳತೆಯ ಶಾಕ್

ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಜೀಪಿನ ಹಿಂದಿನ ಸೀಟಿಗೆ ಸಿಕ್ಕವರಿಗೆ ಶಾಕ್ ಅಬ್ಸಾರ್ಬರ್ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಸೊಂಟವೇ ಹೇಳುತ್ತದೆ. ಆದರೂ ಗಾಡಿ ಎತ್ತರಿಸುವ ಹುಮ್ಮಸ್ಸಿನಲ್ಲಿ ದುಡ್ಡೆಲ್ಲ ದಪ್ಪ ಟೈರು, ಹೊಸ ಸ್ಪ್ರಿಂಗಿಗೆ ಹೋಗಿ, ಶಾಕ್ ಮಾತ್ರ ಹಳೆಯದೇ ಉಳಿಯುವುದು ಸಾಮಾನ್ಯ.

ಮಾರುತಿ ಜಿಪ್ಸಿಯನ್ನೇ ನೋಡಿ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯ ಬುಕಿಂಗ್ 2018ರ ಕೊನೆಗೆ ನಿಂತಿತು. ಮಲೆನಾಡಿನ ಕೆಸರಿಗೆ ಇಳಿಯುವವರು ಇಂದಿಗೂ ಹಳೆಯ ಜಿಪ್ಸಿಯನ್ನು ಹುಡುಕಿಕೊಂಡು ಹೋಗುತ್ತಾರೆ. ನಾಲ್ಕೂ ಚಕ್ರಕ್ಕೆ ಬ್ಲೇಡ್ ಸೆಟ್ (ಲೀಫ್ ಸ್ಪ್ರಿಂಗ್) ಇರುವುದರಿಂದ ಎತ್ತರಿಸುವುದು ಸುಲಭ. ಬ್ಲೇಡ್ ಸೆಟ್ಟನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲನ್ನು ಉದ್ದನೆಯದಕ್ಕೆ ಬದಲಿಸುವುದು ಒಂದು ದಾರಿ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಒಂದೇ ಇಂಚು. ಆಕ್ಸಲ್ಲಿನ ಕೆಳಗಿರುವ ಬ್ಲೇಡ್ ಸೆಟ್ಟನ್ನು ಮೇಲಕ್ಕೆ ತರುವುದು ಇನ್ನೊಂದು. ಅದರಿಂದ ಸುಮಾರು ಐದು ಇಂಚು ಸಿಗುತ್ತದೆ.

ಶಾಕ್ ಹೀಗೆ ಗಾಡಿಯನ್ನು ಎತ್ತುವುದೂ ಇಲ್ಲ, ಭಾರ ಹೊರುವುದೂ ಇಲ್ಲ. ಅದೆಲ್ಲ ಸ್ಪ್ರಿಂಗಿನ ಕೆಲಸ. ಗುಂಡಿಗೆ ಬಿದ್ದ ಸ್ಪ್ರಿಂಗ್ ಮತ್ತೆ ಮತ್ತೆ ಪುಟಿಯದಂತೆ ಹಿಡಿಯುವುದಷ್ಟೇ ಶಾಕಿನ ಪಾಲು. ಒಳಗಿನ ಪಿಸ್ಟನ್ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ, ಪುಟಿತದ ಶಕ್ತಿ ಶಾಖವಾಗುತ್ತದೆ. ಕಲ್ಲುದಾರಿಯಲ್ಲಿ ಬಿಡದೆ ಓಡಿಸಿದರೆ ಎಣ್ಣೆ ಕಾದು ನೊರೆಯೆದ್ದು ಹಿಡಿತ ತಪ್ಪುತ್ತದೆ. ಒತ್ತಡದ ನೈಟ್ರೋಜನ್ ತುಂಬಿದ ಶಾಕ್‌ಗಳು ಈ ನೊರೆಯನ್ನು ತಗ್ಗಿಸುತ್ತವೆ.

ಎತ್ತರಿಸಿದ ಗಾಡಿಯಲ್ಲಿ ಹಳೆಯ ಶಾಕ್ ಗಿಡ್ಡವಾಗಿಬಿಡುತ್ತದೆ. ಚಕ್ರ ಹಳ್ಳಕ್ಕೆ ಇಳಿಯುವಾಗ ಸ್ಪ್ರಿಂಗಿಗೆ ಇನ್ನೂ ಚಾಚುವ ತ್ರಾಣವಿದ್ದರೂ ಶಾಕ್ ಮುಗಿದಿರುತ್ತದೆ. ಆಕ್ಸಲ್ಲಿಗೆ ಅದು ಮೂಗುದಾರವಾಗುತ್ತದೆ. ಬುಷ್ ಹರಿಯುವುದು, ವೆಲ್ಡಿಂಗ್ ಬಿಡುವುದು ಆಗಲೇ. ಹಾಗೆಂದು ಅಂಗಡಿಯಲ್ಲಿರುವ ಅತಿ ಉದ್ದದ ಶಾಕ್ ತಂದರೆ ಇನ್ನೂ ಕಷ್ಟ: ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ತಾಗುವ ಮೊದಲೇ ಪಿಸ್ಟನ್ ತಳಕ್ಕೆ ಗುದ್ದುತ್ತದೆ.

ಆದ್ದರಿಂದ ಪಾನಾ ಹಿಡಿಯುವ ಮೊದಲು ಟೇಪು ಹಿಡಿಯಬೇಕು. ಶಾಕ್ ಬಿಚ್ಚಿಟ್ಟು ಒಂದು ಬದಿಯ ಚಕ್ರದ ಕೆಳಗೆ ಜಾಕಿ ಏರಿಸುತ್ತ ಹೋದರೆ ಆ ಬದಿ ಬಂಪ್ ಸ್ಟಾಪಿಗೆ ಒತ್ತಿಕೊಳ್ಳುತ್ತದೆ, ಎದುರು ಬದಿ ಜೋತುಬೀಳುತ್ತದೆ. ಎರಡೂ ಕಡೆ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಅಳೆಯಬೇಕು. ಪೂರ್ತಿ ಮುಚ್ಚಿದ ಶಾಕ್ ಮೊದಲ ಅಳತೆಗಿಂತ ಗಿಡ್ಡ, ಪೂರ್ತಿ ಚಾಚಿದ್ದು ಎರಡನೆಯದಕ್ಕಿಂತ ಉದ್ದ ಇರಬೇಕು. ಎರಡೂ ಒಟ್ಟಿಗೆ ಸಿಗದಿದ್ದರೆ ಬಂಪ್ ಸ್ಟಾಪನ್ನು ಕೆಳಗಿಳಿಸುವುದು ರೂಢಿ. ಜೋತುಬಿದ್ದ ಬದಿಯ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿದೆಯೇ ಎಂದು ನೋಡಬೇಕಾದದ್ದೂ ಆ ಹೊತ್ತಿನಲ್ಲೇ. ಬಹಳ ಮಂದಿ ಇದನ್ನು ಮರೆಯುತ್ತಾರೆ.

ಬಿಚ್ಚುವುದು ತಾಳ್ಮೆಯ ಕೆಲಸ. ಮಲೆನಾಡಿನ ಮಳೆ ಕುಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಿಗ್ಗೆ ಬೈಗುಳ ಕಡಿಮೆ. ಚಾಸಿಗೆ ಸ್ಟ್ಯಾಂಡ್, ಆಕ್ಸಲ್ಲಿಗೆ ಜಾಕಿ, ನೆಲದ ಮೇಲಿನ ಚಕ್ರಗಳಿಗೆ ಅಡ್ಡಗಲ್ಲು. ಇಷ್ಟಿಲ್ಲದೆ ಕೆಳಗೆ ನುಸುಳಬಾರದು. ಹೊಸ ಥಾರ್‌ನ ಹಿಂದಿನ ಆಕ್ಸಲ್ಲಿನಂತೆ ಕಾಯಿಲ್ ಸ್ಪ್ರಿಂಗ್ ಇದ್ದಲ್ಲಿ ಆಧಾರ ತಪ್ಪಿದ ಆಕ್ಸಲ್ ಕುಸಿದು ಸ್ಪ್ರಿಂಗ್ ಜಾರಬಹುದು.

ಎರಡು ಕೊಳವೆಯ ಮಾದರಿಯ ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಎಳೆದು ಒತ್ತಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಮೇಲೇರುತ್ತದೆ. ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಮಾಡಿ, ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆ ಪೂರ್ತಿ ಬಿಗಿಯಬೇಕು. ನೇತಾಡುವಾಗಲೇ ಬಿಗಿದ ರಬ್ಬರ್ ಬುಷ್, ಗಾಡಿ ಇಳಿದೊಡನೆ ತಿರುಚಿಕೊಂಡು ಬೇಗ ಸೀಳುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಸೂಚಿಸಿದ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಐದು ಇಂಚಿನ ಆಸೆಯವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಗಾಡಿ ಎತ್ತರವಾದಷ್ಟೂ ಘಾಟಿಯ ತಿರುವಿನಲ್ಲಿ ವಾಲುತ್ತದೆ ಎಂಬುದೂ ನಿಜ. ಒಳ್ಳೆಯ ಶಾಕ್ ಆ ವಾಲಾಟವನ್ನು ನಿಧಾನಿಸುತ್ತದೆ, ತೆಗೆದುಹಾಕುವುದಿಲ್ಲ.

ಕೆಸರಿನ ಮೊದಲ ಓಟ ಮುಗಿದು ಗಾಡಿ ತೊಳೆದ ಮೇಲೆ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ, ಕೊಳವೆಯ ಮೇಲೆ ಎಣ್ಣೆಯ ಗೆರೆ ಇಳಿದಿದೆಯೇ ಎಂದು ನೋಡಬೇಕು. ಎಣ್ಣೆ ಸೋರಿದ್ದರೆ ಸೀಲ್ ಹೋಗಿದೆ ಎಂದರ್ಥ. ಬಳಸಿ ಹಳತಾದ ಶಾಕ್‌ಗಳಲ್ಲಿ ಒಂದು ಹೋದರೂ ಆ ಆಕ್ಸಲ್ಲಿನ ಎರಡನ್ನೂ ಜೋಡಿಯಾಗಿ ಬದಲಿಸುವುದು ಗ್ಯಾರೇಜಿನ ವಾಡಿಕೆ.